ಆಕರದಿಂದ ಕಟ್ಟಿದ ತಂತ್ರಾಂಶ ಮತ್ತು ಪಾಠಶುದ್ಧಿಯ ಪ್ರಶ್ನೆ

ಪ್ರತಿಯ ಪೂರ್ವಾಪರವನ್ನು ವಿಚಾರಿಸದೆ ಪಾಠವನ್ನು ಒಪ್ಪಬಾರದೆಂಬುದು ಗ್ರಂಥಸಂಪಾದನೆಯ ಮೊದಲ ನಿಯಮ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ (1964) ಈ ಎಚ್ಚರಕ್ಕೆ ಶಾಸ್ತ್ರೀಯ ನೆಲೆಯೊದಗಿಸಿತು. ಆದರೆ ಇಂದು ಮುದ್ರಿತ ಪುಟಕ್ಕೂ ಸಂಶೋಧಕನಿಗೂ ನಡುವೆ ಅಕ್ಷರ ಗುರುತಿಸುವ ತಂತ್ರಾಂಶವೆಂಬ ಹೊಸ ಲಿಪಿಕಾರ ಬಂದು ನಿಂತಿದ್ದಾನೆ. ಅವನ ಪೂರ್ವಾಪರವನ್ನು ಮಾತ್ರ ಯಾರೂ ಕೇಳುತ್ತಿಲ್ಲ.

ಜೇವರ್ಗಿ, ಆಳಂದ, ಅಫಜಲಪುರ ಸೀಮೆಯನ್ನೇ ನೋಡಬಹುದು. ಇದು ಕಡಕೋಳ ಮಡಿವಾಳಪ್ಪ, ಚೆನ್ನೂರ ಜಲಾಲಸಾಹೇಬರಂಥ ತತ್ವಪದಕಾರರ ಪರಂಪರೆ ಹಬ್ಬಿದ ನೆಲ. ಕೊಳಕೂರದಂಥ ಊರಿನಲ್ಲಿ ಹಳೆಯ ಮುದ್ರಿತ ತತ್ವಪದ ಸಂಕಲನವೊಂದು ದೊರೆತರೆ ಅದನ್ನು ಸ್ಕ್ಯಾನ್ ಮಾಡಿ ಟೆಸರಾಕ್ಟ್‌ನಂಥ ಮುಕ್ತ ತಂತ್ರಾಂಶಕ್ಕೆ ಒಪ್ಪಿಸುವುದು ಈಗ ಸಾಧ್ಯ. ಈ ತಂತ್ರಾಂಶದ ಗುರುತಿಸುವ ಕ್ರಮವೇ 2018ರ ನಾಲ್ಕನೆಯ ಆವೃತ್ತಿಯಲ್ಲಿ ಬದಲಾಯಿತು. ಐದನೆಯದು 2021ರಲ್ಲಿ ಬಂದಿತು. ಅದರ ಪದಪಟ್ಟಿ ಶಿಷ್ಟರೂಪಗಳತ್ತ ವಾಲಿದರೆ ‘ಮಾಡ್ಯಾನ’, ‘ಹೋಗ್ಯಾನ’ ಎಂಬ ಪ್ರಾದೇಶಿಕ ರೂಪಗಳು ಕೆಡುವ ಸಂಭವವುಂಟು. ಆದುದರಿಂದ ಯಾವ ಆವೃತ್ತಿ ಓದಿತೆಂಬುದು ಪಾಠದ ಪ್ರಶ್ನೆಯೇ ಆಗುತ್ತದೆ.

ಲಿನಕ್ಸ್ ಬಳಸುವ ವಿಭಾಗಗಳಲ್ಲಿ ಸಮಸ್ಯೆ ಇನ್ನಷ್ಟು ಸೂಕ್ಷ್ಮ. ವ್ಯವಸ್ಥೆಯ ಭಂಡಾರದಿಂದ ಬಂದ ತಂತ್ರಾಂಶದ ಪ್ರತಿಯೊಂದು ಕಡತವೂ ದಾಖಲೆಯಲ್ಲಿರುತ್ತದೆ, ತೆಗೆಯುವುದೂ ಸುಲಭ. ಭಂಡಾರದ ಆವೃತ್ತಿ ಹಳತೆಂದು ಆಕರ ಸಂಕೇತದಿಂದಲೇ ಕಟ್ಟಿ ‘ಮೇಕ್ ಇನ್‌ಸ್ಟಾಲ್’ ಎಂದು ಸ್ಥಾಪಿಸಿದರೆ ಆ ದಾಖಲೆ ಇರುವುದಿಲ್ಲ. ಕಡತಗಳು ಸಾಮಾನ್ಯವಾಗಿ ‘ಯುಎಸ್‌ಆರ್ ಲೋಕಲ್’ ಕೋಶದಡಿ ಹಲವೆಡೆ ಹಂಚಿಹೋಗುತ್ತವೆ. ಆಕರದ ಕೋಶವನ್ನು ಅಳಿಸಿದರೆ ತಂತ್ರಾಂಶ ಹೋಗುವುದಿಲ್ಲ. ಅದನ್ನು ತೆಗೆಯುವ ದಾರಿ ಮಾತ್ರ ಹೋಗುತ್ತದೆ. ‘ಮೇಕ್ ಅನ್‌ಇನ್‌ಸ್ಟಾಲ್’ ಆಜ್ಞೆಗೆ ಆ ಕೋಶವೇ ಬೇಕು, ಅದನ್ನು ಕಟ್ಟಿದವರು ಈ ಸೌಲಭ್ಯವನ್ನು ಕೊಟ್ಟಿರಲೂ ಬೇಕು. ಹಳತನ್ನು ತೆಗೆಯದೆ ಹೊಸತನ್ನು ಹೇರಿದರೆ ಹೊಸ ಆವೃತ್ತಿಯಲ್ಲಿಲ್ಲದ ಕಡತಗಳು ಹಾಗೆಯೇ ಉಳಿದುಬಿಡುತ್ತವೆ. ಭಂಡಾರದ ಪ್ರತಿಯೂ ಜೊತೆಗಿದ್ದರೆ ಹುಡುಕುವ ದಾರಿಯಲ್ಲಿ ಮೊದಲು ಸಿಕ್ಕಿದ್ದೇ ಓಡುತ್ತದೆ. ಟೆಸರಾಕ್ಟ್‌ನ ಕನ್ನಡ ದತ್ತ ಕಡತವಂತೂ ಪ್ರತ್ಯೇಕ. ತಂತ್ರಾಂಶ ನವೀಕರಣಗೊಂಡರೂ ದತ್ತ ಹಳತಾಗಿಯೇ ಉಳಿಯಬಹುದು. ಹೀಗೆ ಒಂದೇ ಸಂಕಲನದ ಮೊದಲರ್ಧವನ್ನು ಒಬ್ಬ ಲಿಪಿಕಾರ, ಉಳಿದರ್ಧವನ್ನು ಇನ್ನೊಬ್ಬ ಬರೆದಂತಾಗುತ್ತದೆ. ಯಂತ್ರದ ತಪ್ಪನ್ನು ಪಾಠಾಂತರವೆಂದು ಅಡಿಟಿಪ್ಪಣಿಯಲ್ಲಿ ನಮೂದಿಸುವ ಅಪಾಯ ಇಲ್ಲಿದೆ.

ಇದು ತಂತ್ರಜ್ಞರ ಕೆಲಸ, ಸಾಹಿತ್ಯದ ವಿದ್ಯಾರ್ಥಿಗಳದಲ್ಲ ಎಂಬ ಆಕ್ಷೇಪ ಬರಬಹುದು. ಸ್ಥಾಪನೆಯ ಕೆಲಸವನ್ನು ತಂತ್ರಜ್ಞರೇ ಮಾಡಲಿ. ಪಾಠದ ಹೊಣೆ ಮಾತ್ರ ಸಂಪಾದಕನದು. ತಾಳೆಗರಿಯ ಅಳತೆ, ಗರಿಗಳ ಸಂಖ್ಯೆ, ಲಿಪಿಕಾರನ ಹೆಸರನ್ನು ದಾಖಲಿಸುವ ಶಿಸ್ತಿಗೆ ಇಲ್ಲಿ ಬೇಕಾದುದು ಹೆಚ್ಚೇನೂ ಅಲ್ಲ. ಪ್ರತಿ ಆವೃತ್ತಿಯನ್ನೂ ಪ್ರತ್ಯೇಕ ಕೋಶದಲ್ಲಿರಿಸಿ ಕೊಂಡಿಗಳ ಮೂಲಕ ಜೋಡಿಸುವ ಗ್ನೂ ಸ್ಟೋ ಎಂಬ ಸಾಧನವಿದೆ. ಅದರಲ್ಲಿ ಕೊಂಡಿ ಬಿಚ್ಚಿದರೆ ಹಳತು ಬಳಕೆಯಿಂದ ಸರಿಯುತ್ತದೆ, ಬೇಕಾದಾಗ ಮರಳಿ ಬರುತ್ತದೆ. ಕೋಶ ಈಗಾಗಲೇ ಕಳೆದುಹೋಗಿದ್ದರೆ ಅದೇ ಆವೃತ್ತಿಯನ್ನು ಅದೇ ಆಯ್ಕೆಗಳೊಡನೆ ಮತ್ತೆ ಕಟ್ಟಿ, ಖಾಲಿ ಕೋಶವೊಂದರಲ್ಲಿ ಸ್ಥಾಪಿಸಿ ನೋಡಿದರೆ ಯಾವ ಕಡತಗಳು ಎಲ್ಲೆಲ್ಲಿ ಸೇರಿವೆಯೆಂಬ ಪಟ್ಟಿ ದೊರೆಯುತ್ತದೆ. ಆದರೆ ಗ್ರಂಥಾಲಯ ಕಡತಗಳನ್ನು ಅಳಿಸುವ ಮುನ್ನ ಬೇರೆ ತಂತ್ರಾಂಶಗಳು ಅವನ್ನು ನೆಚ್ಚಿವೆಯೇ ಎಂದು ಪರಿಶೀಲಿಸುವುದು ಅಗತ್ಯ.

ಗಣಕದ ನೆರವಿನಿಂದ ಸಿದ್ಧವಾದ ಸಂಪಾದನೆಗಳ ಪ್ರಸ್ತಾವನೆಯಲ್ಲಿ ತಂತ್ರಾಂಶದ ಆವೃತ್ತಿ, ದತ್ತ ಕಡತ, ಕಟ್ಟಿದ ದಿನಾಂಕ ಇವಿಷ್ಟನ್ನು ನಮೂದಿಸುವುದನ್ನು ಕನ್ನಡ ವಿಭಾಗಗಳು ಕಡ್ಡಾಯಗೊಳಿಸಬೇಕು. ಆಕರ ಕೋಶವನ್ನು ಸಂಶೋಧನಾ ಸಾಮಗ್ರಿಯೊಡನೆಯೇ ಕಾಯ್ದಿರಿಸಬೇಕು. ಆಡುನುಡಿಯಲ್ಲೇ ಬದುಕಿ ಬಂದ ತತ್ವಪದಗಳ ಸಂದರ್ಭದಲ್ಲಿ ಒಂದು ರೂಪ ಕೆಟ್ಟರೆ ಒಂದು ಸೀಮೆಯ ಸಾಕ್ಷ್ಯವೇ ಕೆಡುತ್ತದೆ. ಆ ರೂಪ ಕವಿಯದೋ ಯಂತ್ರದ್ದೋ ಎಂದು ನಾಳಿನ ಸಂಶೋಧಕ ಕೇಳಿದಾಗ ಉತ್ತರಿಸಲು ಈ ದಾಖಲೆಯೊಂದೇ ಆಧಾರವಾಗಿರುತ್ತದೆ.