ಎಳೆಯರೊಡನೆ ದೂರದ ಪಯಣ

ದೇಶ ಸುತ್ತಿ ನೋಡು, ಕೋಶ ಓದಿ ನೋಡು ಎಂಬುದು ನಮ್ಮ ಹಿರಿಯರ ಮಾತು. ಯಾವ ವಯಸ್ಸಿನಲ್ಲಿ ಸುತ್ತಬೇಕು, ಯಾರನ್ನು ಜೊತೆಗೆ ಕರೆದೊಯ್ಯಬೇಕು ಎಂಬುದನ್ನು ಅವರು ನಮ್ಮ ವಿವೇಚನೆಗೆ ಬಿಟ್ಟರು. ಈಚೆಗೆ ಕನಕಪುರ ತಾಲೂಕಿನ ಉಯ್ಯಂಬಳ್ಳಿಯ ಒಂದು ಮನೆಯಲ್ಲಿ ಈ ವಿವೇಚನೆಯ ಪ್ರಶ್ನೆಯೇ ಎದುರಾಯಿತು. ಏಳು ಮತ್ತು ನಾಲ್ಕು ವರ್ಷದ ಎರಡು ಮಕ್ಕಳ ತಂದೆತಾಯಿಗಳು ತಮ್ಮ ಕಾರಿನಲ್ಲಿಯೇ ಕಾಶಿಯ ಮಾರ್ಗವಾಗಿ ನೇಪಾಳದ ಕಠ್ಮಂಡುವಿಗೆ ಹೋಗಿಬರಲು ಸಂಕಲ್ಪಿಸಿದ್ದರು. "ಇಷ್ಟು ಎಳೆಯ ಕೂಸುಗಳನ್ನು ಕಟ್ಟಿಕೊಂಡು ಹೋಗಬಹುದೇ ಬುದ್ಧಿ?" ಎಂದು ಮಕ್ಕಳ ಅಜ್ಜಿ ಕೇಳಿದರು.

ಹೋಗಬಹುದು ಎಂಬುದೇ ನಮ್ಮ ಉತ್ತರ. ಆದರೆ ಪಯಣದ ಅಳತೆಗೋಲು ಕಾರಿನ ವೇಗವಾಗಬಾರದು, ತಂದೆಯ ಹುರುಪೂ ಆಗಬಾರದು; ಮನೆಯ ಅತ್ಯಂತ ಕಿರಿಯ ಮಗುವಿನ ತಾಳಿಕೆಯಾಗಬೇಕು. ಉಳಿದೆಲ್ಲ ಏರ್ಪಾಡುಗಳೂ ಈ ಒಂದು ಮಾತಿನಿಂದಲೇ ಹುಟ್ಟುತ್ತವೆ.

ಆ ದಾರಿ ಕನ್ನಡಿಗರಿಗೆ ಹೊಸತೇನಲ್ಲ. ಕರ್ಣಾಟ ವಂಶದ ನಾನ್ಯದೇವನು 1097ರಲ್ಲಿ ಮಿಥಿಲೆಯಲ್ಲಿ ರಾಜ್ಯ ಕಟ್ಟಿದನು. ಆ ವಂಶದ ರಾಜಧಾನಿ ಸಿಮ್ರೌನ್‌ಗಢ ಇಂದು ನೇಪಾಳದ ಬಾರಾ ಜಿಲ್ಲೆಯಲ್ಲಿದೆ. ಪಶುಪತಿನಾಥನ ಪೂಜೆಗೆ ಕರ್ನಾಟಕದ ಭಟ್ಟರು ಹೋಗುವ ಪರಿಪಾಠ ಇಂದಿಗೂ ಉಳಿದಿದೆ. ಕಾಶಿಯಲ್ಲಿ ಜಂಗಮವಾಡಿ ಮಠವಿದೆ. ಕಠ್ಮಂಡುವಿನ ಬಳಿಯ ಭಕ್ತಪುರದಲ್ಲಿಯೂ ಜಂಗಮ ಮಠವೊಂದಿದೆ. ಹಿಂದಿನವರು ತಿಂಗಳುಗಟ್ಟಲೆ ನಡೆದು ತಲುಪಿದ ನೆಲವನ್ನು ನಾವು ಮೂರೇ ದಿನಗಳಲ್ಲಿ ಮುಟ್ಟಿಬಿಡಬೇಕೆಂದು ಹೊರಡುವುದರಲ್ಲಿಯೇ ತೊಂದರೆ ಮೊದಲಾಗುತ್ತದೆ.

ಲೆಕ್ಕ ಹಾಕಿ ನೋಡೋಣ. ಬೆಂಗಳೂರಿನಿಂದ ಹೈದರಾಬಾದು, ನಾಗಪುರ, ಜಬಲ್ಪುರಗಳ ಮೇಲೆ ಕಾಶಿಗೆ ಸುಮಾರು 1,800 ಕಿ.ಮೀ. ಅಲ್ಲಿಂದ ಗೋರಖಪುರ ಮತ್ತು ಸೋನೌಲಿ ಗಡಿಯ ಮೂಲಕ ಕಠ್ಮಂಡುವಿಗೆ ಮತ್ತೆ ಹತ್ತಿರ ಹತ್ತಿರ 600. ಮಕ್ಕಳಿರುವ ವಾಹನ ದಿನಕ್ಕೆ 300 ಕಿ.ಮೀ. ಮೀರಬಾರದು; ಮೂರು ದಿನದ ಪಯಣಕ್ಕೆ ಒಂದು ದಿನದ ವಿಶ್ರಾಂತಿ ಬೇಕು. ಹೋಗಲು ಹತ್ತು ದಿನ, ಬರಲು ಹತ್ತು ದಿನ, ಅಲ್ಲಿರಲು ನಾಲ್ಕೈದು ದಿನ ಎಂದರೆ ಇಪ್ಪತ್ತೈದು ದಿನಗಳಾದವು. ದಸರಾ ರಜೆಯಲ್ಲಿ ಇಷ್ಟು ದಿನಗಳಿಲ್ಲ. ಬೇಸಿಗೆ ರಜೆಯಲ್ಲಿ ಇವೆ. ಆದರೆ ಆಗ ನಾಗಪುರದ ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ.

ಹಾಗಾದರೆ ದಾರಿಗಳು ಎರಡು. ಬೇಸಿಗೆಯಲ್ಲಿ ಹೊರಡುವವರು ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಹನ್ನೊಂದರೊಳಗೆ ತಂಗುದಾಣ ಸೇರಬೇಕು. ಐದು ವರ್ಷದೊಳಗಿನ ಮಗುವಿದ್ದರೆ ದಸರೆಯಲ್ಲಿ ರೈಲಿನಿಂದ ಕಾಶಿಯನ್ನೋ ಗೋರಖಪುರವನ್ನೋ ಸೇರಿ, ಅಲ್ಲಿ ಬಾಡಿಗೆ ವಾಹನ ಹಿಡಿಯುವುದು ಲೇಸು. ಮಳೆಗಾಲದಲ್ಲಂತೂ ಬೇಡವೇ ಬೇಡ. 2024ರ ಜುಲೈ 12ರ ನಸುಕಿನಲ್ಲಿ ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯಲ್ಲಿ ಗುಡ್ಡ ಕುಸಿದು ಎರಡು ಬಸ್ಸುಗಳು ತ್ರಿಶೂಲಿ ನದಿಯ ಪಾಲಾದುವು. ಸೋನೌಲಿಯಿಂದ ಕಠ್ಮಂಡುವಿಗೆ ಹೋಗುವವರು ಸಾಮಾನ್ಯವಾಗಿ ಹಿಡಿಯುವ ದಾರಿ ಅದೇ.

ಕಾಗದಪತ್ರಗಳ ವಿಷಯ. ನೇಪಾಳಕ್ಕೆ ಭಾರತೀಯರಿಗೆ ವೀಸಾ ಬೇಡ. ದೊಡ್ಡವರಲ್ಲಿ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಇರಬೇಕು. ಆಧಾರ್ ಒಂದನ್ನೇ ನಂಬಿ ಹೊರಡಬಾರದು. ಮಕ್ಕಳಿಗೆ ಭಾವಚಿತ್ರವಿರುವ ದಾಖಲೆಯೊಡನೆ ಜನನ ಪ್ರಮಾಣಪತ್ರವನ್ನೂ ಇಟ್ಟುಕೊಳ್ಳಿರಿ. ಗಡಿಯ ಸುಂಕದ ಕಚೇರಿಯನ್ನು ಅಲ್ಲಿ 'ಭನ್ಸಾರ್' ಎನ್ನುತ್ತಾರೆ. ವಾಹನದ ಮೂಲ ದಾಖಲೆಗಳನ್ನು ತೋರಿಸಿ, ದಿನದ ಲೆಕ್ಕದಲ್ಲಿ ಶುಲ್ಕ ಕಟ್ಟಿ, ಅಲ್ಲಿ ಪರವಾನಗಿ ಪಡೆಯಬೇಕು. ನಮ್ಮ ವಾಹನ ವಿಮೆ ಸಾಮಾನ್ಯವಾಗಿ ಭಾರತದೊಳಗೆ ಮಾತ್ರ ನಡೆಯುತ್ತದೆ. ನೇಪಾಳಕ್ಕೂ ವಿಸ್ತರಿಸಿಕೊಡುವಂತೆ ವಿಮಾ ಕಚೇರಿಯಲ್ಲಿ ಮುಂಚೆಯೇ ಹಣ ಕಟ್ಟಿ ಬರೆಸಿಕೊಳ್ಳಬೇಕು. ನಮ್ಮ 100 ರೂಪಾಯಿಗೆ ಅಲ್ಲಿಯ 160 ರೂಪಾಯಿ ಎಂಬ ದರ 1993ರಿಂದ ಬದಲಾಗಿಲ್ಲ. ನೂರರ ನೋಟುಗಳನ್ನೇ ಹೆಚ್ಚಾಗಿ ಒಯ್ಯಿರಿ.

ಇನ್ನು ಮಗುವಿನ ದೇಹದ ಮಾತು. ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವುದು ಪ್ರೀತಿಯಂತೆ ಕಂಡರೂ ಅಪಾಯ. ವಾಹನ ಥಟ್ಟನೆ ನಿಂತಾಗ ತಾಯಿಯ ತೋಳು ಮಗುವನ್ನು ಹಿಡಿದಿಡಲಾರದು. 14 ವರ್ಷದೊಳಗಿನ ಮಕ್ಕಳಿಗೆ ಸೀಟ್ ಬೆಲ್ಟನ್ನೋ ಮಕ್ಕಳ ಆಸನವನ್ನೋ ಬಳಸಬೇಕೆಂದು 2019ರ ತಿದ್ದುಪಡಿ ಕಾನೂನೂ ವಿಧಿಸಿದೆ. ಎರಡು ಗಂಟೆಗೊಮ್ಮೆ ವಾಹನ ನಿಲ್ಲಿಸಿ, ಮಕ್ಕಳು ಓಡಾಡಲಿ. ಹುರಿಹಿಟ್ಟು, ಅವಲಕ್ಕಿ, ಕಾಯಿಸಿ ಆರಿಸಿದ ನೀರು ಜೊತೆಗಿರಲಿ. ವಾಂತಿಭೇದಿಯಾದರೆ ಓ.ಆರ್.ಎಸ್. ಪೊಟ್ಟಣ ಬೇಕು, ಅದು ಸಿಗದ ಕಡೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದ ಅಳತೆಯಲ್ಲಿ ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ, ವೈದ್ಯರಲ್ಲಿಗೆ ಕರೆದೊಯ್ಯಿರಿ.

ಹೊರಡುವ ತಿಂಗಳ ಮುಂಚೆ ಒಂದು ಪರೀಕ್ಷೆ ಆಗಲಿ. ಉಯ್ಯಂಬಳ್ಳಿಯವರಿಗೆ ಮಲೆ ಮಹದೇಶ್ವರ ಬೆಟ್ಟವಿದೆ. ಕೊಳ್ಳೇಗಾಲದ ಮೇಲೆ ಹೋಗಿ, ತಾಳುಬೆಟ್ಟದಿಂದ ಮೇಲಿನ ತಿರುವುಗಳನ್ನು ಹತ್ತಿ, ಒಂದು ರಾತ್ರಿ ತಂಗಿ ಬನ್ನಿರಿ. ಆ ತಿರುವುಗಳಲ್ಲಿ ಬಳಲುವ ಮಗು ತ್ರಿಶೂಲಿಯ ಕಣಿವೆಯಲ್ಲಿ ಇನ್ನೂ ಬಳಲೀತು. ಪರೀಕ್ಷೆಯಲ್ಲಿ ಕಂಡದ್ದನ್ನು ಮುಚ್ಚಿಡದೆ ಯೋಜನೆಯನ್ನು ತಿದ್ದಿಕೊಳ್ಳಿರಿ.

ಮಕ್ಕಳನ್ನು ಸಾಮಾನಿನಂತೆ ಹೊತ್ತೊಯ್ಯಬೇಡಿರಿ. ಅವರಿಗೂ ಒಂದು ಕೆಲಸವಿರಲಿ. ಹಿರಿಯ ಮಗು ಒಂದು ಪುಸ್ತಕದಲ್ಲಿ ಕಂಡ ನದಿಗಳ ಹೆಸರು ಬರೆಯಲಿ. ಸಂಗಮದ ಕಾವೇರಿಯಿಂದ ಮೊದಲುಮಾಡಿ ತುಂಗಭದ್ರೆ, ಕೃಷ್ಣೆ, ಗೋದಾವರಿ, ನರ್ಮದೆ, ಗಂಗೆ, ತ್ರಿಶೂಲಿ ಎಂದು ಆ ಪಟ್ಟಿ ಬೆಳೆಯಲಿ. ಕಿರಿಯದು ಎಣಿಸಲಿ. ಗಡಿಯಲ್ಲಿ ಗಡಿಯಾರವನ್ನು ಹದಿನೈದು ನಿಮಿಷ ಮುಂದಕ್ಕೆ ತಿರುಗಿಸುವ ಕೆಲಸವನ್ನೂ ಅವರಿಗೇ ಕೊಡಿರಿ. ಬೇರೆ ದೇಶವೆಂದರೇನೆಂಬುದು ಪಾಠವಿಲ್ಲದೆ ತಿಳಿಯುತ್ತದೆ.

ಕೊನೆಯದಾಗಿ, ಹಿಂದಿರುಗುವ ನಿಯಮವನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿರಿ. ಮಗುವಿಗೆ ಎರಡು ದಿನ ಜ್ವರ ಬಿಡದಿದ್ದರೆ, ಮುಂದಿನ ರಸ್ತೆ ಕೆಟ್ಟಿದೆಯೆಂಬ ಸುದ್ದಿ ಬಂದರೆ ಮುಂದೆ ಹೋಗುವುದಿಲ್ಲವೆಂದು ಗಂಡಹೆಂಡಿರು ಮನೆಯಲ್ಲಿಯೇ ಒಪ್ಪಿಕೊಂಡಿರಬೇಕು. ಖರ್ಚು ಮಾಡಿ ಅಷ್ಟು ದೂರ ಹೋದ ಮೇಲೆ ಆ ಮಾತು ಯಾರ ಬಾಯಿಂದಲೂ ಹೊರಡುವುದಿಲ್ಲ. ಕಾಶಿಯವರೆಗೆ ಹೋಗಿ, ಎರಡು ದಿನ ಗಂಗೆಯ ದಡದಲ್ಲಿ ಮಕ್ಕಳನ್ನು ಆಡಿಸಿ, ನಗುತ್ತ ಮನೆಗೆ ಬಂದರೆ ಅದೂ ಪೂರ್ಣ ಯಾತ್ರೆಯೇ. ಪಶುಪತಿನಾಥ ಇನ್ನೈದು ವರ್ಷ ಬಿಟ್ಟು ಹೋದರೂ ಅಲ್ಲಿಯೇ ಇರುತ್ತಾನೆ.