ಊರು, ರಸ್ತೆ ಮತ್ತು ಗಣಿತ

ಗಣಿತವೆಂದರೆ ಕೂಡಿ ಕಳೆಯುವ ಲೆಕ್ಕ, ಇಲ್ಲವೇ ಪರೀಕ್ಷೆಯ ಕಾಲಕ್ಕೆ ಮಕ್ಕಳ ನಿದ್ದೆಗೆಡಿಸುವ ಬೀಜಗಣಿತ ಎಂಬ ಭಾವನೆ ಅನೇಕ ಮನೆಗಳಲ್ಲಿ ಉಂಟು. ಆದರೆ ಚುಕ್ಕೆಗಳು ಮತ್ತು ಅವನ್ನು ಕೂಡಿಸುವ ಗೆರೆಗಳು, ಇವೆರಡೇ ಸಾಮಗ್ರಿಯಾಗಿರುವ ಗಣಿತವೂ ಒಂದಿದೆ. ಅದರ ಹೆಸರು ಗ್ರಾಫ್ ಸಿದ್ಧಾಂತ. ಅಂಗಳದಲ್ಲಿ ರಂಗೋಲಿಯಿಡುವ ಗೃಹಿಣಿಗೆ ಈ ಸಾಮಗ್ರಿ ಹೊಸದಲ್ಲ. ಗೆರೆ ನೆಟ್ಟಗಿದೆಯೋ ಡೊಂಕಾಗಿದೆಯೋ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಯಾವ ಚುಕ್ಕೆ ಯಾವುದರೊಡನೆ ಕೂಡಿದೆ ಎಂಬುದಷ್ಟೇ ಮುಖ್ಯ.

ಈ ಶಾಸ್ತ್ರದಲ್ಲಿ ಕನ್ನಡ ನಾಡಿನಿಂದ ಹೊರಟು ಜಗತ್ತಿನಲ್ಲೆಲ್ಲ ಬಳಕೆಗೆ ಬಂದ ಕಲ್ಪನೆಯೊಂದುಂಟು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿಯೂ ಅನಂತರ ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ ಪ್ರಾಧ್ಯಾಪಕರಾಗಿದ್ದ ಇ. ಸಂಪತ್‌ಕುಮಾರ್ ಅವರು ಎಚ್. ಬಿ. ವಾಲೀಕಾರ ಅವರೊಡಗೂಡಿ 1979ರಲ್ಲಿ ಪ್ರಕಟಿಸಿದ ಪ್ರಬಂಧವೇ ಅದರ ಮೂಲ. ಪ್ರಬಂಧ ಕೆಲವೇ ಪುಟಗಳದು; ಅದರ ತಿರುಳನ್ನು ತಿಳಿಯಲು ರಾಮನಗರದ ಸೀಮೆಯ ರಸ್ತೆಯೊಂದೇ ಸಾಕು.

ತುಮಕೂರು, ಮಾಗಡಿ, ರಾಮನಗರ, ಕನಕಪುರ, ಮಳವಳ್ಳಿ, ಈ ಐದು ಪಟ್ಟಣಗಳು ಒಂದೇ ಹೆದ್ದಾರಿಯಲ್ಲಿ ಒಂದರ ಮುಂದೊಂದು ಬರುತ್ತವೆ. ಬೆಂಕಿ ನಂದಿಸುವ ಠಾಣೆಗಳನ್ನು ಹೊಸದಾಗಿ ಇಡಬೇಕಾಗಿದೆಯೆಂದು ಭಾವಿಸೋಣ. ಪ್ರತಿ ಊರಿನಲ್ಲಿಯೂ ಠಾಣೆಯಿರಬೇಕು, ಇಲ್ಲವೇ ಪಕ್ಕದ ಊರಿನಲ್ಲಾದರೂ ಇರಬೇಕು. ಕನಿಷ್ಠ ಎಷ್ಟು ಬೇಕು? ಎರಡು ಸಾಕು. ಮಾಗಡಿಯ ಠಾಣೆ ತುಮಕೂರನ್ನೂ ರಾಮನಗರವನ್ನೂ ನೋಡಿಕೊಳ್ಳುತ್ತದೆ, ಕನಕಪುರದ್ದು ಮಳವಳ್ಳಿಯನ್ನು. ಇಂಥ ಸಂಖ್ಯೆಗೆ ‘ಪ್ರಾಬಲ್ಯ ಸಂಖ್ಯೆ’ ಎನ್ನಬಹುದು. ನಾರ್ವೆಯ ಗಣಿತಜ್ಞ ಓಯ್‌ಸ್ಟೈನ್ ಓರೆ 1962ರಲ್ಲಿ ಇದಕ್ಕೆ ಹೆಸರಿಟ್ಟರು. ಚದುರಂಗದ ಮಣೆಯ ಎಲ್ಲ 64 ಮನೆಗಳನ್ನೂ ಕಾಯಲು ಐದು ರಾಣಿಗಳು ಸಾಕೆಂಬ ಹಳೆಯ ವಿನೋದವೂ ಇದೇ ಜಾತಿಯದು.

ಧಾರವಾಡದ ವಿದ್ವಾಂಸರು ಮತ್ತೊಂದು ಪ್ರಶ್ನೆ ಹಾಕಿದರು: ಕಾಯುವವರು ತಮ್ಮತಮ್ಮಲ್ಲಿಯೂ ಕೂಡಿಕೊಂಡಿರಬೇಕಾದರೆ? ಮಾಗಡಿಯೂ ಕನಕಪುರವೂ ನೆರೆಯೂರುಗಳಲ್ಲ. ಒಂದರ ಸುದ್ದಿ ಮತ್ತೊಂದಕ್ಕೆ ಠಾಣೆಯಿಂದ ಠಾಣೆಗೇ ಸಾಗಬೇಕಾದರೆ ನಡುವಣ ರಾಮನಗರವೂ ಸೇರಬೇಕು. ಎರಡು ಮೂರಾಯಿತು. ಇದೇ ‘ಸಂಬದ್ಧ ಪ್ರಾಬಲ್ಯ ಸಂಖ್ಯೆ’.

ಇಷ್ಟೇ ತಾನೇ ಎಂದು ವಾಚಕರಿಗೆ ತೋರಬಹುದು. ಐದು ಊರುಗಳಾದರೆ ಪರೀಕ್ಷಿಸಬೇಕಾದ ಆಯ್ಕೆಗಳು 31 ಮಾತ್ರ. ಊರುಗಳು 30 ಆದರೆ ಆಯ್ಕೆಗಳು 107 ಕೋಟಿಯನ್ನು ಮೀರುತ್ತವೆ! ಎಲ್ಲ ಬಗೆಯ ಜಾಲಗಳಿಗೂ ಅತಿ ಚಿಕ್ಕ ಗುಂಪನ್ನು ಬೇಗನೆ ಹುಡುಕಿಕೊಡುವ ಉಪಾಯ ಇಂದಿಗೂ ಯಾರಿಗೂ ಸಿಕ್ಕಿಲ್ಲ.

ಕಿಸೆಯಲ್ಲಿಟ್ಟು ತಿರುಗುವ ದೂರವಾಣಿ 1979ರಲ್ಲಿ ನಮ್ಮ ಮನೆಗಳಲ್ಲಿ ಇರಲಿಲ್ಲ. 1990ರ ದಶಕದಲ್ಲಿ ಕಂಬ, ತಂತಿಗಳ ಹಂಗಿಲ್ಲದೆ ಯಂತ್ರದಿಂದ ಯಂತ್ರಕ್ಕೆ ಸಂದೇಶ ದಾಟಿಸುವ ನಿಸ್ತಂತು ಜಾಲಗಳನ್ನು ಕಟ್ಟಲು ಹೊರಟವರಿಗೆ ಅದೇ ತೊಡಕು ಎದುರಾಯಿತು. ಎಲ್ಲ ಯಂತ್ರಗಳೂ ಸಂದೇಶವನ್ನು ಕೂಗತೊಡಗಿದರೆ ಗದ್ದಲ. ಕೆಲವೇ ಯಂತ್ರಗಳು ಅದನ್ನು ಹೊರಬೇಕು, ಆ ಕೆಲವು ತಮ್ಮೊಳಗೆ ಸರಪಣಿಯಾಗಿರಬೇಕು, ಉಳಿದವು ಅವುಗಳ ಪಕ್ಕದಲ್ಲಿರಬೇಕು. ಬೇಕಾದ ಕಲ್ಪನೆ ಅಷ್ಟರಲ್ಲಾಗಲೇ ಧಾರವಾಡದಲ್ಲಿ ಸಿದ್ಧವಾಗಿತ್ತು. ಜಾಲದ ಬೆನ್ನೆಲುಬೆಂದು ಎಂಜಿನಿಯರರು ಕರೆಯುವುದು ಇಂಥ ಸರಪಣಿಯನ್ನೇ.

ಸಂಪತ್‌ಕುಮಾರ್ ಅಲ್ಲಿಗೇ ನಿಲ್ಲಲಿಲ್ಲ. ಇರುವ ಗೆರೆಗಳ ಚಿತ್ರಕ್ಕೂ ಇಲ್ಲದ ಗೆರೆಗಳ ಚಿತ್ರಕ್ಕೂ ಒಂದೇ ಕಾವಲು ಪಡೆ ಸಾಲುವುದೇ ಎಂದು 1989ರಲ್ಲಿ ವಿಚಾರಿಸಿದರು. ಹೆಚ್ಚು ಗೆರೆಗಳು ಕೂಡುವ ಚುಕ್ಕೆಗೂ ಕಡಿಮೆ ಗೆರೆಗಳ ಚುಕ್ಕೆಗೂ ಇರುವ ಬಲಾಬಲವನ್ನು 1996ರಲ್ಲಿ ಎಲ್. ಪುಷ್ಪಲತಾ ಅವರೊಡನೆ ವಿವೇಚಿಸಿದರು. ‘ಸೆಮಿಗ್ರಾಫ್’ ಎಂಬ ಹೊಸ ಬಗೆಯೂ ಅವರದೇ. ಸಾಮಾನ್ಯ ಗ್ರಾಫಿನಲ್ಲಿ ಗೆರೆಗೆ ಎರಡು ತುದಿಗಳಷ್ಟೇ. ಆದರೆ ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುಹಾದಿಯ ಮೇಲೆ ರಾಮನಗರವೂ ಚನ್ನಪಟ್ಟಣವೂ ಇವೆಯಲ್ಲ! ಹಾದಿ ಒಂದೇ, ನಿಲ್ದಾಣಗಳು ಹಲವು. ತುದಿಗಳಲ್ಲದೆ ನಡುವಣ ಚುಕ್ಕೆಗಳಿಗೂ, ಅವು ಬರುವ ಕ್ರಮಕ್ಕೂ ಒಂದೇ ಗೆರೆಯಲ್ಲಿ ಸ್ಥಾನ ಕೊಡುವುದು ಸೆಮಿಗ್ರಾಫಿನ ಮರ್ಮ.

ಇಂಥ ಸಂಶೋಧನೆಗೆ ದುಬಾರಿ ಯಂತ್ರಗಳಾಗಲಿ ದೊಡ್ಡ ಪ್ರಯೋಗಶಾಲೆಯಾಗಲಿ ಬೇಕಾಗಲಿಲ್ಲ. ಕಾಗದ, ಪೆನ್ಸಿಲು, ಕೂಡಿ ಯೋಚಿಸುವ ಶಿಷ್ಯರು ಇದ್ದರೆ ಸಾಕಿತ್ತು. ಗಣಿತವನ್ನೇ ಓದುತ್ತೇನೆಂದು ಹಟಹಿಡಿದ ಮಗನನ್ನೋ ಮಗಳನ್ನೋ “ಅದರಿಂದೇನು ಪ್ರಯೋಜನ?” ಎಂದು ಕೇಳುವ ತಂದೆತಾಯಿಗಳು ಕಡಿಮೆಯಿಲ್ಲ. ಆ ಪ್ರಶ್ನೆ ಅನುಚಿತವಲ್ಲ. ಆದರೆ ಉತ್ತರ ಬರಲು ಕೆಲವು ವೇಳೆ ಹದಿನೈದಿಪ್ಪತ್ತು ವರ್ಷಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಕಾಯುವ ತಾಳ್ಮೆ ಓದುವ ಮಕ್ಕಳಿಗಿದ್ದರೆ ಸಾಲದು, ಮನೆಯವರಿಗೂ ಇರಬೇಕು.