ರೋಗಿಯನ್ನು ಊರಿಗೆ ಕಳಿಸಿದರೆ ರೋಗ ಹೋದೀತೇ?

ಹೋದ ಮಳೆಗಾಲದಲ್ಲಿ ನಮ್ಮ ಸಂಘದ ಕಚೇರಿಗೆ ಒಬ್ಬ ಹುಡುಗ ಬಂದಿದ್ದ. ಕುಂದಾಪುರದ ಕಡೆಯವ. ಮುಂಬಯಿಯ ಉಪನಗರದ ಒಂದು ಹೋಟೆಲಿನಲ್ಲಿ ನಾಲ್ಕು ವರ್ಷ ದುಡಿದವ. ತಟ್ಟೆ ತೊಳೆಯುವಲ್ಲಿಂದ ಶುರುಮಾಡಿ ಸಪ್ಲಾಯರ್ ಆಗಿದ್ದ. ಒಂದೂವರೆ ತಿಂಗಳಿಂದ ಕೆಮ್ಮು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಸರಕಾರಿ ದವಾಖಾನೆಯಲ್ಲಿ ಕಫ ಪರೀಕ್ಷಿಸಿ, ಕ್ಷಯವೆಂದು ಹೇಳಿ, ಔಷಧ ಆರಂಭಿಸಿದ್ದರು. ಆ ಸುದ್ದಿ ಗಲ್ಲೆಗೆ ಮುಟ್ಟಿದ ದಿನವೇ ಅವನ ಲೆಕ್ಕ ಚುಕ್ತಾ ಆಯಿತು. "ಊರಿಗೆ ಹೋಗಿ ಸುಧಾರಿಸಿಕೊಂಡು ಬಾ ಮಾರಾಯ, ಆಮೇಲೆ ನೋಡುವ" ಎಂದು ಮಾಲಕರು ಬಸ್ಸಿನ ಖರ್ಚನ್ನೂ ಕೊಟ್ಟಿದ್ದರು. ಹುಡುಗ ನಮ್ಮಲ್ಲಿ ಕೇಳಿದ್ದು ಒಂದೇ ಮಾತು: "ಅಣ್ಣ, ಊರಿನಲ್ಲಿ ಅಮ್ಮನಿಗೆ ಏನೆಂದು ಹೇಳಲಿ?"

ನಾವೂ ಕೈಲಾದಷ್ಟು ಹಣ ಕೂಡಿಸಿ, ಹಣ್ಣು ಬ್ರೆಡ್ಡು ಕೊಟ್ಟು, ಅದೇ ರಾತ್ರಿ ಅವನನ್ನು ಬಸ್ಸು ಹತ್ತಿಸಿ ಬಂದೆವು. ಒಳ್ಳೆಯದನ್ನೇ ಮಾಡಿದೆವೆಂದು ಆಗ ತಿಳಿದಿದ್ದೆವು. ದೀಪಾವಳಿಯ ನಂತರ ಗೊತ್ತಾಯಿತು, ಜೊತೆಗೆ ಒಯ್ದಿದ್ದ ಗುಳಿಗೆ ಮುಗಿದ ಮೇಲೆ ಅವನು ಎರಡು ತಿಂಗಳು ಯಾವ ಔಷಧವನ್ನೂ ತೆಗೆದುಕೊಂಡಿರಲಿಲ್ಲವೆಂದು. ಆಸ್ಪತ್ರೆಗೆ ಹೋದರೆ ನೆರೆಕರೆಗೆ ತಿಳಿಯುವುದೆಂಬ ಹೆದರಿಕೆ ಅವನಿಗೆ. ಈಗ ಊರಿನ ಆಶಾ ಕಾರ್ಯಕರ್ತೆಯೊಬ್ಬರ ದೆಸೆಯಿಂದ ಮತ್ತೆ ಪರೀಕ್ಷೆಯಾಗಿ ಔಷಧ ನಡೆಯುತ್ತಿದೆ. ಆದರೆ ಅವನ ತಂಗಿಗೂ ಕೆಮ್ಮು ಹಿಡಿದಿದೆಯಂತೆ. ಅವಳ ಪರೀಕ್ಷೆಯ ಫಲವನ್ನು ಇನ್ನೂ ಕಾಯುತ್ತಿದ್ದಾರೆ.

ಈ ತಪ್ಪಿನಲ್ಲಿ ನಮಗೂ ಪಾಲಿದೆ. ಆದುದರಿಂದಲೇ ಈ ವಿಷಯವನ್ನು ಬಿಚ್ಚಿ ಬರೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಕ್ಷಯರೋಗಿಯನ್ನು ದೂರ ಕಳಿಸುವ ಪದ್ಧತಿ ಹಳೆಯದು. ರೋಗಕ್ಕೆ ಔಷಧವೇ ಇಲ್ಲದಿದ್ದ ಕಾಲದಲ್ಲಿ ಒಳ್ಳೆಯ ಗಾಳಿ, ವಿಶ್ರಾಂತಿ, ಹಾಲು ಮೊಟ್ಟೆ ಇವಿಷ್ಟೇ ಚಿಕಿತ್ಸೆಯಾಗಿದ್ದುವು. ೧೯೪೩ರಲ್ಲಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು. ೧೯೫೨ರಲ್ಲಿ ಐಸೋನಿಯಾಜಿಡ್ ಬಂತು. ಆ ಮೇಲೂ ರೋಗಿ ಸ್ಯಾನಿಟೋರಿಯಮ್ಮಿನಲ್ಲೇ ಇರಬೇಕೆಂಬ ನಂಬಿಕೆ ಉಳಿಯಿತು. ಅದನ್ನು ಒರೆಗೆ ಹಚ್ಚಿದ್ದು ನಮ್ಮ ಮದ್ರಾಸು ನಗರ. ೧೯೫೬ರಲ್ಲಿ ಅಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಕೇಂದ್ರದವರು ೧೯೩ ಮಂದಿ ಬಡ ರೋಗಿಗಳನ್ನು ಎರಡು ಪಂಗಡ ಮಾಡಿದರು. ಒಂದು ಪಂಗಡ ಒಳ್ಳೆಯ ಊಟ ವಿಶ್ರಾಂತಿಗಳೊಡನೆ ಸ್ಯಾನಿಟೋರಿಯಮ್ಮಿನಲ್ಲಿ ಇದ್ದಿತು. ಮತ್ತೊಂದು ಪಂಗಡ ಇಕ್ಕಟ್ಟಾದ ತಮ್ಮ ಮನೆಗಳಲ್ಲಿಯೇ, ಕಡಿಮೆ ಊಟದಲ್ಲಿ, ಅದೇ ಔಷಧವನ್ನು ಒಂದು ವರ್ಷ ನುಂಗಿತು. ೧೯೫೯ರಲ್ಲಿ ಫಲ ಪ್ರಕಟವಾದಾಗ ಲೋಕವೇ ಬೆರಗಾಯಿತು. ಎರಡು ಪಂಗಡಗಳೂ ಹೆಚ್ಚುಕಡಿಮೆ ಒಂದೇ ಸಮನೆ ಗುಣ ಹೊಂದಿದ್ದುವು. ಮನೆಯಲ್ಲಿದ್ದ ರೋಗಿಗಳ ಹೆಂಡತಿ ಮಕ್ಕಳಿಗೆ ಅದರಿಂದ ಹೆಚ್ಚಿನ ಅಪಾಯವೇನೂ ಆಗಿರಲಿಲ್ಲ. ಅಂದಿನಿಂದ ಲೋಕದೆಲ್ಲೆಡೆ ಕ್ಷಯಕ್ಕೆ ಮನೆಯಲ್ಲಿದ್ದೇ ಚಿಕಿತ್ಸೆ ಎಂಬ ನೀತಿ ಬೇರೂರಿತು.

ಇಷ್ಟು ವರ್ಷ ಕಳೆದರೂ ನಮ್ಮ ಹೋಟೆಲುಗಳ ಗಲ್ಲೆಯವರೆಗೆ ಆ ಸತ್ಯ ಬಂದು ಮುಟ್ಟಲಿಲ್ಲವೆಂಬುದು ವ್ಯಸನದ ಸಂಗತಿ.

ಮಾಲಕರ ಭಯವೇನೆಂದು ನಮಗೆ ಗೊತ್ತು: "ಗಿರಾಕಿಗಳಿಗೆ ತಿಳಿದರೆ?" ಕ್ಷಯ ತಟ್ಟೆ ಲೋಟಗಳಿಂದ ಹರಡುವ ರೋಗವಲ್ಲ. ಶ್ವಾಸಕೋಶದಲ್ಲಿ ರೋಗವಿರುವವನು ಕೆಮ್ಮಿದಾಗ ಗಾಳಿಯಲ್ಲಿ ತೇಲುವ ಕ್ರಿಮಿಗಳಿಂದ ಅದು ಹರಡುತ್ತದೆ. ತಕ್ಕ ಔಷಧ ಹೊಟ್ಟೆಗೆ ಬೀಳತೊಡಗಿದ ಕೆಲವೇ ವಾರಗಳಲ್ಲಿ ಸಾಮಾನ್ಯವಾಗಿ ಹರಡುವಿಕೆ ಬಹುಮಟ್ಟಿಗೆ ನಿಂತುಹೋಗುತ್ತದೆ. ಆ ಕೆಲವು ವಾರ ರಜೆ ಕೊಟ್ಟು, ವೈದ್ಯರು ಸರಿ ಎಂದ ಮೇಲೆ ಕೆಲಸಕ್ಕೆ ಕರೆಯಬಹುದು. ನಿಜವಾದ ಅಪಾಯವಿರುವುದು ರೋಗ ಗೊತ್ತಾಗದೆ ಕೆಮ್ಮುತ್ತಿರುವವನಿಂದ. ಕಿಟಕಿಯಿಲ್ಲದ ಅಟ್ಟದ ಮೇಲೆ ಹತ್ತು ಹದಿನೈದು ಹುಡುಗರು ಸಾಲಾಗಿ ಮಲಗುವಲ್ಲಿ. ಒಬ್ಬನನ್ನು ಹೊರಗೆ ಹಾಕಿದ್ದನ್ನು ನೋಡಿದ ಉಳಿದವರು ತಮ್ಮ ಕೆಮ್ಮನ್ನು ಬಚ್ಚಿಡದೆ ಇನ್ನೇನು ಮಾಡಿಯಾರು? ಹೀಗೆ ರೋಗವನ್ನು ಹೋಟೆಲಿನಿಂದ ಅಟ್ಟಲು ಹೋದ ಮಾಲಕರು ಅದನ್ನು ಅಟ್ಟದ ಮೇಲೆಯೇ ಸಾಕಿದಂತಾಗುತ್ತದೆ.

ಇನ್ನು ವೈದ್ಯ ಮಹಾಶಯರಲ್ಲಿ ಎರಡು ಮಾತು. ನಮ್ಮವರಿಗೆ ಜ್ವರ ಕೆಮ್ಮು ಬಂದರೆ ಮೊದಲು ಹೋಗುವುದು ಗಲ್ಲಿಯ ಡಾಕ್ಟರರ ಬಳಿಗೆ. ಅಲ್ಲಿ ಒಂದು ಬಾಟಲಿ ಕೆಮ್ಮಿನ ಔಷಧ, ಐದು ದಿನದ ಗುಳಿಗೆ; ಗುಣವಾಗದಿದ್ದರೆ ಬೇರೆ ಬಣ್ಣದ ಗುಳಿಗೆ. ಕೆಲವು ಬಗೆಯ ಆಂಟಿಬಯೋಟಿಕ್ ಗುಳಿಗೆಗಳು ಕ್ಷಯವನ್ನು ಕೆಲಕಾಲ ಅಡಗಿಸಿ, ರೋಗ ತಿಳಿಯುವುದನ್ನು ಇನ್ನಷ್ಟು ತಡಮಾಡುತ್ತವೆ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು. ಈಗಿನ ಯಂತ್ರ ಕ್ಷಯವಿದೆಯೇ, ರಿಫಾಂಪಿಸಿನ್ ಎಂಬ ಮುಖ್ಯ ಔಷಧಕ್ಕೆ ಕ್ರಿಮಿ ಬಗ್ಗುವುದೇ ಎಂಬ ಎರಡನ್ನೂ ಸುಮಾರು ಎರಡು ಗಂಟೆಗಳಲ್ಲಿ ಹೇಳುತ್ತದೆ. ಖಾಸಗಿ ವೈದ್ಯರೂ ಪ್ರತಿಯೊಬ್ಬ ಕ್ಷಯರೋಗಿಯ ವಿವರವನ್ನು ಸರಕಾರಕ್ಕೆ ತಿಳಿಸಬೇಕೆಂಬ ನಿಯಮ ೨೦೧೨ರಲ್ಲಿಯೇ ಬಂದಿದೆ. ಅದನ್ನು ಅವಶ್ಯ ತಿಳಿಸಲಿ. ಆದರೆ ಸರಕಾರಕ್ಕೆ ತಿಳಿಸುವುದು ಬೇರೆ, ಹೋಟೆಲಿನ ಮಾಲಕರಿಗೆ ತಿಳಿಸುವುದು ಬೇರೆ. ರೋಗಿಯ ಒಪ್ಪಿಗೆಯಿಲ್ಲದೆ ಆ ಮಾತು ಡಾಕ್ಟರರ ಕೋಣೆಯಿಂದ ಹೊರಗೆ ಹೋಗಬಾರದು.

ಕಾರ್ಮಿಕ ಬಂಧುಗಳೇ, ನಮ್ಮ ನಮ್ಮೊಳಗಿನ ಮಾತನ್ನೂ ಆಡಿಬಿಡೋಣ. ಸಾಮಾನ್ಯ ಕ್ಷಯಕ್ಕೆ ಔಷಧ ಆರು ತಿಂಗಳು: ಮೊದಲ ಎರಡು ತಿಂಗಳು ನಾಲ್ಕು ಬಗೆ, ಮುಂದಿನ ನಾಲ್ಕು ತಿಂಗಳು ಮೂರು ಬಗೆ, ದಿನಾಲೂ. ಸರಕಾರಿ ಕೇಂದ್ರದಲ್ಲಿ ಇದಕ್ಕೆ ಕಾಸು ಕೊಡಬೇಕಾಗಿಲ್ಲ. ಎರಡನೆಯ ತಿಂಗಳಿಗೆ ಜ್ವರ ಬಿಟ್ಟು, ಹಸಿವು ಹುಟ್ಟಿ, ಮೈ ಕೈ ತುಂಬಿಕೊಳ್ಳುತ್ತದೆ. ಆಗಲೇ ನಮ್ಮವರು "ಗುಣವಾಯಿತು" ಎಂದು ಗುಳಿಗೆ ಬಿಡುವುದು. ಒಳಗೆ ಅಳಿದುಳಿದ ಕ್ರಿಮಿ ಮತ್ತೆ ಬೆಳೆಯುತ್ತದೆ. ಮೊದಲಿನ ಔಷಧಕ್ಕೆ ಜಗ್ಗದಂತೆಯೂ ಆಗಬಹುದು. ಅಂಥ ಹಟಮಾರಿ ಕ್ಷಯಕ್ಕೆ ಹಿಂದೆ ಒಂದೂವರೆ ವರ್ಷಕ್ಕೂ ಮೀರಿ ಔಷಧ, ತಿಂಗಳುಗಟ್ಟಲೆ ಇಂಜೆಕ್ಷನ್ ಬೇಕಾಗುತ್ತಿತ್ತು. ೨೦೨೪ರಲ್ಲಿ ಸರಕಾರ ಅದಕ್ಕೂ ಆರು ತಿಂಗಳ, ಬಾಯಿಂದಲೇ ತೆಗೆದುಕೊಳ್ಳುವ ಹೊಸ ಚಿಕಿತ್ಸೆಯನ್ನು ಒಪ್ಪಿಕೊಂಡಿತು. ಸಂತೋಷವೇ, ಆದರೆ ಆ ಹಂತಕ್ಕೆ ಹೋಗದಿರುವುದು ಲೇಸು. ಗುಳಿಗೆಯಿಂದ ಮೂತ್ರ ಕೆಂಪಗಾದರೆ ಹೆದರಬೇಡಿ, ಅದು ಔಷಧದ ಬಣ್ಣ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅಥವಾ ಕಣ್ಣು ಮಂಜಾದರೆ ಕೂಡಲೇ ವೈದ್ಯರ ಬಳಿಗೆ ಓಡಿ. ಈ ಆರು ತಿಂಗಳು ಕುಡಿತವನ್ನು ಮುಟ್ಟಬೇಡಿ. ಔಷಧದ ಭಾರ ಹೊರುತ್ತಿರುವ ಪಿತ್ತಜನಕಾಂಗಕ್ಕೆ ಹೆಂಡದ ಭಾರವೂ ಬೇಡ. ಗಿರಣಿಯಲ್ಲಿ, ಮಗ್ಗದಲ್ಲಿ ದುಡಿದವರು "ಇದು ಹತ್ತಿಯ ಧೂಳಿನ ಕೆಮ್ಮು" ಎಂದು ತಾವೇ ತೀರ್ಮಾನಿಸಿ ಸುಮ್ಮನಿರಬಾರದು. ಧೂಳಿನಿಂದಲೂ ಎದೆ ಕೆಡುವುದು ನಿಜ. ಯಾವುದೆಂದು ಹೇಳಬೇಕಾದುದು ಪರೀಕ್ಷೆ.

ಅನ್ನದ ಮಾತೂ ಇದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು, ಮದ್ರಾಸಿನ ಅದೇ ಹಳೆಯ ಕೇಂದ್ರದಿಂದ ಬೆಳೆದ ಸಂಸ್ಥೆಯ ಜೊತೆಗೂಡಿ, ಝಾರ್ಖಂಡದಲ್ಲಿ ಒಂದು ಪ್ರಯೋಗ ನಡೆಸಿದರು. ಕ್ಷಯರೋಗಿಗಳ ಮನೆಮಂದಿಗೆ ತಿಂಗಳು ತಿಂಗಳು ಹೆಚ್ಚಿನ ರೇಶನ್ ಕೊಟ್ಟಾಗ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಹುಟ್ಟುವುದು ಸುಮಾರು ಶೇಕಡಾ ೪೦ರಷ್ಟು ಇಳಿಯಿತೆಂದು ೨೦೨೩ರಲ್ಲಿ ಪ್ರಕಟಿಸಿದರು. ಸರಕಾರವು ರೋಗಿಯ ಆಹಾರಕ್ಕೆಂದು ೨೦೧೮ರಿಂದ ತಿಂಗಳಿಗೆ ೫೦೦ ರೂಪಾಯಿ ಕೊಡುತ್ತಿತ್ತು. ೨೦೨೪ರ ನವೆಂಬರಿನಿಂದ ಅದನ್ನು ೧,೦೦೦ಕ್ಕೆ ಏರಿಸಿತು. ಊರಿಗೆಲ್ಲ ಇಡ್ಲಿ ದೋಸೆ ಬಡಿಸುವ ನಮ್ಮ ಹುಡುಗನ ಮಧ್ಯಾಹ್ನದ ಊಟ ಗಂಟೆ ನಾಲ್ಕಕ್ಕೆ, ಅದೂ ಉಳಿದ ಸಾರಿನಲ್ಲಿ. ಅವನ ತಟ್ಟೆಗೆ ಒಂದು ಹಿಡಿ ಬೇಳೆ, ಒಂದು ಮೊಟ್ಟೆ ಹೆಚ್ಚು ಬಿದ್ದರೆ ಹೋಟೆಲು ಮುಳುಗಲಾರದು.

ರಾಜ್ಯ ವಿಮಾ ಯೋಜನೆಯಲ್ಲಿ, ಅಂದರೆ ಇಎಸ್‌ಐಯಲ್ಲಿ, ಕ್ಷಯವು ದೀರ್ಘ ಕಾಯಿಲೆಗಳ ಪಟ್ಟಿಗೆ ಸೇರಿದೆ. ಷರತ್ತುಗಳನ್ನು ಪೂರೈಸಿದವನಿಗೆ ಸಂಬಳದ ಶೇಕಡಾ ೮೦ರಷ್ಟು ಭತ್ಯ, ಅಗತ್ಯವಿದ್ದರೆ ಎರಡು ವರ್ಷದವರೆಗೂ, ದೊರೆಯುವ ಏರ್ಪಾಡಿದೆ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವನಿಗೆ ಇದರಿಂದ ಏನು ಪ್ರಯೋಜನ? ಆದುದರಿಂದ ಹೆಸರು ದಾಖಲು ಮಾಡಿಸುವ ಹೋರಾಟವೂ ಕ್ಷಯದ ಚಿಕಿತ್ಸೆಯೇ ಎಂದು ನಾವು ತಿಳಿದಿದ್ದೇವೆ.

೨೦೨೫ರೊಳಗೆ ಕ್ಷಯವನ್ನು ದೇಶದಿಂದ ತೊಲಗಿಸುವುದಾಗಿ ಸರಕಾರ ೨೦೧೮ರಲ್ಲಿ ಸಾರಿತ್ತು. ಆ ವರ್ಷ ಬಂದು ಹೋಯಿತು. ರೋಗ ಇಳಿದಿದೆ, ತೊಲಗಿಲ್ಲ. ಇನ್ನೂ ಲೋಕದ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದವರು.

ನಾವು ಮಾಲಕರನ್ನು ಕೇಳುವುದು ದೊಡ್ಡದೇನಲ್ಲ. ಆರು ತಿಂಗಳು ಆ ಹುಡುಗನ ಕೆಲಸವನ್ನು ಅವನ ಹೆಸರಿನಲ್ಲೇ ಇಡಿ. ಅವನ ಕೋಣೆಯವರನ್ನೆಲ್ಲ ಪರೀಕ್ಷೆಗೆ ಕಳಿಸಿ. ಅಟ್ಟಕ್ಕೊಂದು ಕಿಟಕಿ ಕೊಯ್ಯಿಸಿ. ಹುಡುಗ ತಾನಾಗಿ ಊರಿಗೆ ಹೋಗುವೆನೆಂದರೆ, ಹೊರಡುವ ಮುಂಚೆ ಇಲ್ಲಿನ ಕೇಂದ್ರದಲ್ಲಿ ಹೇಳಿ ಚಿಕಿತ್ಸೆಯನ್ನು ಊರಿನ ಸರಕಾರಿ ಆಸ್ಪತ್ರೆಗೆ ವರ್ಗ ಮಾಡಿಸಬೇಕು. ಈ ಏರ್ಪಾಡು ಇದೆಯೆಂಬುದನ್ನು ಹೋದ ಮಳೆಗಾಲದಲ್ಲಿ ನಾವು ವಿಚಾರಿಸದೆ ಹೋದೆವು. ಇನ್ನು ಮುಂದೆ ಅಂಥವರು ಯಾರೇ ಬರಲಿ, ಸಂಘದವರೊಬ್ಬರು ಜೊತೆಯಲ್ಲಿ ದವಾಖಾನೆಗೆ ಹೋಗುವರು. ಬಸ್ಸಿನ ಟಿಕೀಟಿಗೆ ಮಾತ್ರ ನಾವು ಮೊದಲು ಹಣ ಕೂಡಿಸುವುದಿಲ್ಲ.